ಮೇಲಿಂದ ಕಂಡದ್ದು ಗುಡ್ಡವೋ ಗುಂಡಿಯೋ?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶನಿವಾರದ ಕೊನೇ ಪಿರಿಯಡ್‌ನಲ್ಲಿ ಮಕ್ಕಳಿಗೆ ಉಪಗ್ರಹ ಚಿತ್ರ ತೋರಿಸಿ ‘ಇದೇನು, ಹೇಳಿ ನೋಡೋಣ’ ಅಂತ ಆಟ ಆಡಿಸುತ್ತೇನೆ. ಮಕ್ಕಳಿಗೆ ತುಂಬಾ ಇಷ್ಟ. ಆದರೆ ದುಂಡಗೆ ಕಂಡದ್ದೆಲ್ಲ ಜ್ವಾಲಾಮುಖಿ, ಕೆಂಪಗೆ ಕಂಡದ್ದೆಲ್ಲ ಲಾವಾ ಅಂತಾರೆ. ಹೋದ ವಾರ ಸಂಡೂರಿನ ಗುಡ್ಡಸಾಲು ತೋರಿಸಿದೆ. ಅರ್ಧ ಮಕ್ಕಳಿಗೆ ಅದು ಗುಂಡಿಯಾಗಿ ಕಂಡಿತು, ನನಗೂ ಹಾಗೇ ಕಂಡಿತು. ಊಹೆ ಮಾಡುವುದಕ್ಕೆ ಸರಿಯಾದ ದಾರಿ ಏನಾದರೂ ಇದೆಯೇ? ಪ್ರೊಜೆಕ್ಟರ್ ಯಾವಾಗಲೂ ಸಿಗುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿದರೂ ಆಟ ನಡೆಯುತ್ತದೆಯೇ?

ಉತ್ತರ:

ಮೇಡಂ, ದಾರಿ ಇದೆ. ಚಿತ್ರ ಕೈಗೆ ಬಂದ ತಕ್ಷಣ ಮಕ್ಕಳು ಆಕಾರ ನೋಡಿ ಹೆಸರು ಹೇಳಿಬಿಡುತ್ತಾರೆ. ಅದನ್ನು ಸ್ವಲ್ಪ ಹೊತ್ತು ತಡೆಯಿರಿ. ‘ಇದೇನು?’ ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ‘ಇಲ್ಲಿ ಮಳೆ ಬಿದ್ದರೆ ನೀರು ಯಾವ ಕಡೆ ಹೋಗುತ್ತೆ?’ ಅಂತ ಕೇಳಿ. ಮಕ್ಕಳು ಚಿತ್ರದ ಮೇಲೆ ಬೆರಳಿಟ್ಟು ನೀರಿನ ದಾರಿ ತೋರಿಸಿದರೆ ಅರ್ಧ ಆಟ ಮುಗಿದ ಹಾಗೆ. ಆಕಾರ ಕಣ್ಣಿಗೆ ಸುಳ್ಳು ಹೇಳಬಹುದು. ನೀರು ಮಾತ್ರ ಇಳಿಜಾರು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ.

ಸಂಡೂರಿನ ಗೊಂದಲದಿಂದಲೇ ಶುರು ಮಾಡೋಣ. ಅದು ನಿಮ್ಮ ಕಣ್ಣಿನ ದೋಷ ಅಲ್ಲ, ಮಕ್ಕಳದ್ದೂ ಅಲ್ಲ. ಭೂಮಿಯ ಚಿತ್ರ ತೆಗೆಯುವ ಬಹಳಷ್ಟು ಉಪಗ್ರಹಗಳು ಒಂದು ಊರಿನ ಮೇಲೆ ಹಾದುಹೋಗುವುದು ಬೆಳಿಗ್ಗೆ ಹತ್ತು, ಹತ್ತೂವರೆಯ ಆಸುಪಾಸಿನಲ್ಲಿ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2, ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್ ಎಲ್ಲವೂ ಹಾಗೇ. ಚಳಿಗಾಲದಲ್ಲಿ ಆ ಹೊತ್ತಿಗೆ ನಮ್ಮ ಕಡೆ ಸೂರ್ಯ ಆಗ್ನೇಯ ದಿಕ್ಕಿನಲ್ಲಿರುತ್ತಾನೆ. ಹಾಗಾಗಿ ಗುಡ್ಡದ ನೆರಳು ಉತ್ತರ, ವಾಯವ್ಯದ ಕಡೆ ಬೀಳುತ್ತದೆ. ನಕ್ಷೆಯಲ್ಲಿ ಉತ್ತರ ಮೇಲೆ ಇರುತ್ತದಲ್ವಾ? ಅಂದರೆ ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದ ಹಾಗಾಯಿತು, ನೆರಳು ಮೇಲಕ್ಕೆ ಬಿದ್ದ ಹಾಗಾಯಿತು. ನಮ್ಮ ಕಣ್ಣಿಗೆ ಇದು ರೂಢಿಯಿಲ್ಲ. ಹುಟ್ಟಿದಾಗಿನಿಂದ ಬೆಳಕು ಮೇಲಿನಿಂದ ಬರುವುದನ್ನೇ ನೋಡಿದ್ದೇವೆ. ಅದಕ್ಕೇ ಮಿದುಳು ಚಿತ್ರವನ್ನು ತಿರುವಿಹಾಕಿ ಅರ್ಥ ಮಾಡಿಕೊಳ್ಳುತ್ತದೆ. ಗುಡ್ಡ ಗುಂಡಿಯಾಗುತ್ತದೆ, ಕಣಿವೆ ದಿಣ್ಣೆಯಾಗುತ್ತದೆ.

ಚಿತ್ರವನ್ನು ತಲೆಕೆಳಗು ಮಾಡಿ, ದಕ್ಷಿಣ ಮೇಲೆ ಬರಲಿ. ಕೂಡಲೇ ಗುಡ್ಡ ಎದ್ದು ನಿಲ್ಲುತ್ತದೆ. ಇದನ್ನು ಮಕ್ಕಳಿಂದಲೇ ಮಾಡಿಸಿ. ಆ ಕ್ಷಣದಲ್ಲಿ ಅವರ ಮುಖದಲ್ಲಿ ಬೆಳಕು ಹತ್ತಿಕೊಳ್ಳುವುದನ್ನು ನೋಡುವುದೇ ಒಂದು ಸಂತೋಷ.

ಆದರೆ ತಿರುಗಿಸಿ ನೋಡಿದ ಮೇಲೂ ಅನುಮಾನ ಉಳಿಯಬಹುದು. ಆಗ ನೀರನ್ನು ಕೇಳಬೇಕು. ಸಂಡೂರಿನ ಚಿತ್ರದಲ್ಲಿ ನಾರಿಹಳ್ಳದ ಜಲಾಶಯ ಹುಡುಕಿ. ನೀರು ನಿಂತಿದೆ ಅಂದಮೇಲೆ ಅದು ತಗ್ಗು. ಅಲ್ಲಿಂದ ಹಳ್ಳದ ಗೆರೆ ಹಿಡಿದು ಹಿಂದಕ್ಕೆ ಹೋಗಿ. ಸಣ್ಣ ಹಳ್ಳಗಳು ಎಡದಿಂದ, ಬಲದಿಂದ ಬಂದು ಸೇರುತ್ತವೆ. ಅವು ಎಲ್ಲಿ ಹುಟ್ಟುತ್ತವೋ ಅದೇ ಎತ್ತರ. ಎರಡು ಹಳ್ಳ ಕೂಡುವ ಜಾಗದ ಮೂಲೆಯನ್ನೂ ಗಮನಿಸಲು ಹೇಳಿ. ಸಾಮಾನ್ಯವಾಗಿ ಆ ಚೂಪು ಮೂಲೆ ನೀರು ಹರಿಯುವ ದಿಕ್ಕನ್ನು ತೋರಿಸುತ್ತದೆ. ಇಷ್ಟು ಗೊತ್ತಾದರೆ ಬಣ್ಣವೂ ಬೇಡ, ನೆರಳೂ ಬೇಡ. ಎತ್ತರ ಯಾವುದು, ತಗ್ಗು ಯಾವುದು ಅಂತ ಮಕ್ಕಳೇ ಹೇಳುತ್ತಾರೆ.

ಸಂಡೂರನ್ನು ಇನ್ನೂ ಸ್ವಲ್ಪ ಹೊತ್ತು ನೋಡೋಣ. ಇಡೀ ರಾಜ್ಯದಲ್ಲಿ ಈ ಆಟಕ್ಕೆ ಇಷ್ಟು ಒಳ್ಳೆಯ ಚಿತ್ರ ಸಿಗುವುದು ಕಷ್ಟ ಅಂತ ನನ್ನ ಅಭಿಪ್ರಾಯ. ಮೇಲಿನಿಂದ ನೋಡಿದರೆ ವಾಯವ್ಯದಿಂದ ಆಗ್ನೇಯಕ್ಕೆ ಮಲಗಿದ ದೋಣಿಯಂತೆ ಕಾಣುತ್ತದೆ. ಎರಡೂ ಪಕ್ಕದಲ್ಲಿ ಉದ್ದನೆಯ ಗುಡ್ಡಸಾಲು, ನಡುವೆ ಕಣಿವೆ. ಇಲ್ಲಿನ ಕಲ್ಲುಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಪದರ ಪದರವಾಗಿ ಕೂತ ಕಲ್ಲು ಭೂಮಿಯ ಒತ್ತಡಕ್ಕೆ ಮಡಚಿಕೊಂಡಿದೆ. ಆಮೇಲೆ ಮಳೆ, ಬಿಸಿಲು, ಗಾಳಿ ಸೇರಿ ಮೆತ್ತನೆಯ ಪದರವನ್ನು ತಿಂದುಹಾಕಿವೆ. ಕಬ್ಬಿಣದ ಅಂಶ ಜಾಸ್ತಿ ಇರುವ ಪಟ್ಟೆ ಪಟ್ಟೆ ಕಲ್ಲು ಗಟ್ಟಿ. ಅದು ಸವೆಯದೆ ಗುಡ್ಡಸಾಲಾಗಿ ನಿಂತಿದೆ. ದೋಣಿಮಲೆ, ಕುಮಾರಸ್ವಾಮಿ ಬೆಟ್ಟ, ರಾಮನದುರ್ಗ ಎಲ್ಲವೂ ಹೀಗೆ ಉಳಿದುಕೊಂಡ ಗಟ್ಟಿ ಕಲ್ಲಿನ ಸಾಲುಗಳೇ. ಅಂದರೆ ಗಣಿಗಾರಿಕೆಗೆ ಕಾರಣವಾದ ಅದಿರೇ ಈ ಗುಡ್ಡಗಳು ಎತ್ತರ ಉಳಿದುಕೊಳ್ಳುವುದಕ್ಕೂ ಕಾರಣ.

ಈಗ ಚಿತ್ರದಲ್ಲಿ ಓಬಳಗಂಡಿ, ಭೀಮಗಂಡಿ ಹುಡುಕಿ. ನಾರಿಹಳ್ಳ ಅಷ್ಟು ಗಟ್ಟಿ ಗುಡ್ಡಸಾಲನ್ನು ಅಡ್ಡಕ್ಕೆ ಸೀಳಿಕೊಂಡು ಹೋಗಿರುವ ಎರಡು ಕಿರಿದಾದ ದಾರಿಗಳು ಅವು. ಇಲ್ಲಿ ಮಕ್ಕಳಿಗೆ ಒಂದು ಒಳ್ಳೆಯ ಪ್ರಶ್ನೆ ಇದೆ. ಒಂದು ಸಣ್ಣ ಹಳ್ಳ ಗುಡ್ಡವನ್ನು ಸುತ್ತಿ ಹೋಗುವ ಬದಲು ಕೊರೆದುಕೊಂಡು ಯಾಕೆ ಹೋಯಿತು? ಇಂಥ ಕಡೆ ಭೂವಿಜ್ಞಾನಿಗಳು ಮೊದಲು ಯೋಚಿಸುವುದು ಇಷ್ಟು: ಹಳ್ಳ ಮೊದಲು ಬಂದಿದೆಯೇ, ಗುಡ್ಡ ಮೊದಲು ಕಂಡಿದೆಯೇ? ನೆಲ ಈಗಿನದಕ್ಕಿಂತ ಎತ್ತರದಲ್ಲಿದ್ದಾಗಲೇ ಹಳ್ಳ ತನ್ನ ದಾರಿ ಹಿಡಿದಿದ್ದರೆ, ಸುತ್ತಲಿನ ಮೆತ್ತನೆ ಕಲ್ಲು ಸವೆದು ಗುಡ್ಡ ಹೊರಗೆ ಕಾಣುವ ಹೊತ್ತಿಗೆ ಅದು ಹಳೇ ದಾರಿಯಲ್ಲೇ ಕೆಳಗೆ ಕೊರೆಯುತ್ತಾ ಇರುತ್ತದೆ. ಕೃಷ್ಣಾ, ಪೆನ್ನಾ ನದಿಗಳೂ ಹೀಗೆ ಸಾಲುಗಳನ್ನು ಸೀಳಿವೆ. ಪೆನ್ನಾ ಕೊರೆದ ಗಂಡಿಕೋಟ ಕಣಿವೆ ಬಳ್ಳಾರಿಯಿಂದ ಒಂದು ದಿನದ ಪ್ರಯಾಣ. ಅದರ ಚಿತ್ರವನ್ನೂ ಪಕ್ಕದಲ್ಲಿಟ್ಟು ತೋರಿಸಿ.

ಇನ್ನು ದುಂಡಗಿನದ್ದು. ಇಲ್ಲಿ ಮಕ್ಕಳನ್ನು ದಾರಿ ತಪ್ಪಿಸುವುದು ಅಳತೆ. ಚಿತ್ರದಲ್ಲಿ ಅಳತೆ ಗೆರೆ ಇಲ್ಲದಿದ್ದರೆ ಯಾರೂ ಏನೂ ಹೇಳಲಾಗುವುದಿಲ್ಲ, ಅನುಭವ ಇದ್ದವರಿಗೂ ಆಗುವುದಿಲ್ಲ. ಮಹಾರಾಷ್ಟ್ರದ ಲೋಣಾರ್ ಕುಳಿ ಸುಮಾರು 1.8 ಕಿಲೋಮೀಟರ್ ಅಗಲ. ಆಫ್ರಿಕಾದ ಮಾರಿಟೇನಿಯಾದಲ್ಲಿ ‘ಸಹಾರಾದ ಕಣ್ಣು’ ಅಂತ ಕರೆಯುವ ರಿಷಾತ್ ಅನ್ನುವ ಜಾಗ ಸುಮಾರು 40 ಕಿಲೋಮೀಟರ್ ಅಗಲ. ಮರಳುಗಾಡಿನಲ್ಲಿ ಸುತ್ತುವ ಪೈಪಿನಿಂದ ನೀರು ಹಾಯಿಸಿ ಬೆಳೆದ ದುಂಡನೆ ಹೊಲ ಹೆಚ್ಚುಕಡಿಮೆ 800 ಮೀಟರ್. ಮೂರನ್ನೂ ಒಂದೇ ಗಾತ್ರದಲ್ಲಿ ಪ್ರಿಂಟ್ ಹಾಕಿಸಿದರೆ ಮಕ್ಕಳು ಮೂರಕ್ಕೂ ಒಂದೇ ಹೆಸರು ಕೊಡುತ್ತಾರೆ. ಆದ್ದರಿಂದ ಅಳತೆ ಗೆರೆಯನ್ನು ಯಾವತ್ತೂ ಮುಚ್ಚಿಡಬೇಡಿ. ಊರಿನ ಹೆಸರು ಮುಚ್ಚಿಡಿ, ಸಾಕು.

ಅಳತೆ ಆದಮೇಲೆ ಮತ್ತೆ ನೀರು. ಜ್ವಾಲಾಮುಖಿ ಬೆಟ್ಟವಾದರೆ ಹಳ್ಳಗಳು ತುದಿಯಿಂದ ಎಲ್ಲಾ ದಿಕ್ಕಿಗೂ ಹೊರಗೆ ಇಳಿಯುತ್ತವೆ. ನ್ಯೂಜಿಲೆಂಡಿನ ತಾರಾನಾಕಿ ಬೆಟ್ಟದ ಚಿತ್ರದಲ್ಲಿ ಇದು ಬಹಳ ಚೆಂದ ಕಾಣುತ್ತದೆ. ಅದೇ ಚಿತ್ರದಲ್ಲಿ ಇನ್ನೊಂದು ಪರೀಕ್ಷೆಯೂ ಇದೆ. ಬೆಟ್ಟದ ಸುತ್ತ ಕಡು ಹಸಿರಿನ ಒಂದು ವೃತ್ತ, ಅದೂ ಅಳೆದು ಬರೆದಂಥ ವೃತ್ತ. ಅದು ನೆಲದ ಗುಣದಿಂದ ಬಂದದ್ದಲ್ಲ. 1881ರಲ್ಲಿ ತುದಿಯಿಂದ ಎಲ್ಲಾ ದಿಕ್ಕಿಗೂ ಆರು ಮೈಲಿ ದೂರದವರೆಗೆ ಕಾಡು ಕಾಯಬೇಕು ಅಂತ ಗುರುತು ಹಾಕಿದರು. ವೃತ್ತದ ಒಳಗೆ ಕಾಡು ಉಳಿಯಿತು, ಹೊರಗೆ ಹೊಲ, ಹುಲ್ಲುಗಾವಲು ಆಯಿತು. ಗೆರೆ ತೀರಾ ನೀಟಾಗಿದ್ದರೆ ಮನುಷ್ಯರ ಕೈ ಇರಬಹುದಾ ಅಂತ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಲೋಣಾರ್‌ನಲ್ಲಿ ನೀರಿನ ಕತೆಯೇ ಬೇರೆ. ಅಂಚಿನ ಒಳಗೆ ಬಿದ್ದ ಮಳೆ ನಡುವಿನ ಕೆರೆಗೆ ಇಳಿಯುತ್ತದೆ, ಹೊರಗೆ ಬಿದ್ದದ್ದು ದೂರ ಹೋಗುತ್ತದೆ. ಅಂಚು ಸುತ್ತಲಿನ ಬಯಲಿಗಿಂತ ಸ್ವಲ್ಪ ಎದ್ದಿದೆ. ಇಲ್ಲಿ ಜ್ವಾಲಾಮುಖಿ ಅಂದ ಮಗುವನ್ನು ತಕ್ಷಣ ‘ತಪ್ಪು’ ಅನ್ನಬೇಡಿ. ಲೋಣಾರ್‌ನ ಕಲ್ಲು ಲಾವಾ ತಣ್ಣಗಾಗಿ ಆದದ್ದೇ, ದಖ್ಖನ್ನಿನ ಬಸಾಲ್ಟ್. ಅದಕ್ಕೆ ಸುಮಾರು 6.6 ಕೋಟಿ ವರ್ಷ. ಆದರೆ ಕುಳಿ ಆಮೇಲೆ ಆಕಾಶದಿಂದ ಬಿದ್ದ ಕಲ್ಲಿನಿಂದ ಆಯಿತು. ಇದನ್ನು ಗಟ್ಟಿಯಾಗಿ ಹೇಳಲು ಸಾಧ್ಯವಾದದ್ದು ಮೇಲಿನಿಂದ ತೆಗೆದ ಚಿತ್ರದಿಂದಲ್ಲ. ಕುಳಿಯ ತಳ ಕೊರೆದು ತೆಗೆದ ಕಲ್ಲಿನಲ್ಲಿ, ಭಾರಿ ಆಘಾತಕ್ಕೆ ಗಾಜಾಗಿಹೋದ ಖನಿಜ ಸಿಕ್ಕಿತು. ರಿಷಾತ್ ವಿಷಯದಲ್ಲಿ ಇದರ ಉಲ್ಟಾ ಆಯಿತು. 1965ರಲ್ಲಿ ಜೆಮಿನಿ 4ರ ಗಗನಯಾತ್ರಿಗಳ ಚಿತ್ರದಿಂದ ಅದು ಹೆಸರಾಯಿತು. ಉಲ್ಕೆ ಬಿದ್ದ ಕುಳಿ ಅಂತ ಮೊದಮೊದಲು ಹಲವರು ಅಂದುಕೊಂಡರು. ಹೋಗಿ ಕಲ್ಲು ನೋಡಿದಾಗ ಆಘಾತದ ಗುರುತು ಸಿಗಲಿಲ್ಲ. ನೆಲ ಉಬ್ಬಿ, ಉಬ್ಬಿನ ತಲೆ ಸವೆದು, ಗಟ್ಟಿ ಪದರಗಳು ಬಳೆ ಬಳೆಯಾಗಿ ಉಳಿದ ಜಾಗ ಅದು. ಚಿತ್ರ ಊಹೆ ಕೊಡುತ್ತದೆ, ತೀರ್ಪು ಕೊಡುವುದು ಕಲ್ಲು. ಮಕ್ಕಳು ಇದನ್ನು ಈ ವಯಸ್ಸಿನಲ್ಲೇ ತಿಳಿದುಕೊಳ್ಳಬೇಕು ಅನ್ನುವುದು ನನ್ನ ದೊಡ್ಡ ಆಸೆ.

ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಜ್ವಾಲಾಮುಖಿಯ ಬೆಟ್ಟ ಒಂದೂ ಇಲ್ಲ. ಲಾವಾ ಮಾತ್ರ ಇದೆ, ಅದೂ ಬಹಳ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಕಪ್ಪು ಕಲ್ಲು ಒಂದು ಕಾಲದಲ್ಲಿ ಹರಿದ ಲಾವಾ. ಹಟ್ಟಿಯಿಂದ ಮಸ್ಕಿ ಕಡೆಗೆ ಕೊಕ್ಕೆಯ ಹಾಗೆ ಬಾಗಿದ ಒಂದು ಪಟ್ಟಿ ಇದು, ಸುತ್ತ ಗ್ರಾನೈಟ್ ಮತ್ತು ನೈಸ್ ಕಲ್ಲು (ನೆಲದಾಳದ ಬಿಸಿ, ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲಿಗೆ ನೈಸ್ ಅಂತಾರೆ). ಬೆಟ್ಟದ ಆಕಾರ ಯಾವತ್ತೋ ಸವೆದುಹೋಗಿದೆ. ಚಿತ್ರದಲ್ಲಿ ಈ ಪಟ್ಟಿ ಸುಲಭಕ್ಕೆ ಕಾಣುವುದಿಲ್ಲ. ನೆಲದ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಅಲ್ಲಲ್ಲಿ ಕುಳ್ಳ ಗುಡ್ಡ, ಅಷ್ಟೇ. ಇದು ಒಂಬತ್ತು, ಹತ್ತನೇ ತರಗತಿಯ ಚುರುಕು ಮಕ್ಕಳಿಗೆ ಇಟ್ಟುಕೊಳ್ಳುವ ಚಿತ್ರ.

ನಿಮ್ಮ ಶಾಲೆಗೆ ಹತ್ತಿರದ್ದಕ್ಕೆ ಬರುತ್ತೇನೆ. ಆನೆಗೊಂದಿ, ಅಂಜನಾದ್ರಿ, ಹಂಪಿ. ಇಲ್ಲಿ ಗುಂಡುಗಳ ರಾಶಿ ನೋಡಿ ಮಕ್ಕಳು ಏನೇನೋ ಹೇಳುತ್ತಾರೆ. ವಾಲಿ-ಸುಗ್ರೀವರ ಕಪಿಸೇನೆ ಎಸೆದಾಡಿದ ಕಲ್ಲು ಅನ್ನುವ ಕತೆ ಕೇಳಿಯೇ ಬೆಳೆದ ಮಕ್ಕಳು ಅವರು. ಆ ಕತೆ ಅವರ ಊರಿನದ್ದು, ಇರಲಿ. ಭೂವಿಜ್ಞಾನ ಹೇಳುವುದನ್ನು ಅದರ ಪಕ್ಕದಲ್ಲಿ ಇಡಿ. ಇದು ಸುಮಾರು 250 ಕೋಟಿ ವರ್ಷ ಹಿಂದಿನ ಗ್ರಾನೈಟ್. ನೆಲದ ಒಳಗಿದ್ದಾಗಲೇ ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳುಗಳಿದ್ದವು. ಸೀಳಿನಲ್ಲಿ ನೀರು ಇಳಿದು ಕಲ್ಲನ್ನು ಮೂಲೆಗಳಿಂದ ಕೊಳೆಸಿತು. ಮೂಲೆ ಬೇಗ ಕೊಳೆಯುತ್ತದೆ, ನಡು ಉಳಿಯುತ್ತದೆ. ಚೌಕ ದುಂಡಾಗುವುದು ಹೀಗೆ. ಆಮೇಲೆ ಕೊಳೆತ ಮಣ್ಣು ಕೊಚ್ಚಿಹೋಗಿ ದುಂಡು ಕಲ್ಲು ಒಂದರ ಮೇಲೊಂದು ಕೂತಂತೆ ಉಳಿಯಿತು. ಬಹುಪಾಲು ಗುಂಡುಗಳು ಎಲ್ಲಿಂದಲೋ ಉರುಳಿ ಬಂದವಲ್ಲ, ಇದ್ದಲ್ಲೇ ಉಳಿದವು.

ಇದು ಮೇಲಿನಿಂದ ಹೇಗೆ ಕಾಣುತ್ತದೆ? ಅದು ಯಾವ ಉಪಗ್ರಹ ಅನ್ನುವುದರ ಮೇಲೆ ಹೋಗುತ್ತದೆ. ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್. ಸೆಂಟಿನೆಲ್-2ರಲ್ಲಿ 10 ಮೀಟರ್. ಅಲ್ಲಿ ಒಂದೊಂದು ಗುಂಡು ಕಾಣುವುದಿಲ್ಲ, ಒರಟು ಒರಟಾದ ಬೂದು ಮೈ ಮಾತ್ರ ಕಾಣುತ್ತದೆ. ಗೂಗಲ್ ಅರ್ಥ್‌ನಲ್ಲಿ ಹತ್ತಿರ ಹೋದರೆ ದೊಡ್ಡ ಗುಂಡುಗಳು, ಅವುಗಳ ನೆರಳು ಎರಡೂ ಕಾಣುತ್ತವೆ. ಆದರೆ ನಾನು ಮೊದಲು ನೋಡುವುದು ಗುಂಡುಗಳನ್ನಲ್ಲ, ಗುಡ್ಡದ ಮೈಮೇಲಿನ ನೇರ ಗೆರೆಗಳನ್ನು. ಒಂದು ದಿಕ್ಕಿಗೆ ಹಲವು ಗೆರೆ, ಅವನ್ನು ಕತ್ತರಿಸುವ ಇನ್ನೊಂದು ದಿಕ್ಕಿನ ಗೆರೆಗಳು. ಅವೇ ಸೀಳುಗಳು. ಅವುಗಳ ಉದ್ದಕ್ಕೂ ಪೊದೆ ಬೆಳೆದಿರುತ್ತದೆ, ಯಾಕೆಂದರೆ ಮಣ್ಣು, ತೇವ ಎರಡೂ ಅಲ್ಲೇ ನಿಲ್ಲುವುದು. ಆಮೇಲೆ ನದಿ ನೋಡಿ. ಹಂಪಿಯ ಹತ್ತಿರ ತುಂಗಭದ್ರೆ ಬಯಲು ನದಿಯ ಹಾಗೆ ಮೆಲ್ಲಗೆ ಬಳುಕುವುದಿಲ್ಲ. ಸ್ವಲ್ಪ ದೂರ ನೇರ ಹೋಗಿ ಫಕ್ಕನೆ ತಿರುಗುತ್ತದೆ, ಮತ್ತೆ ನೇರ, ಮತ್ತೆ ತಿರುವು. ನದಿಯ ತಿರುವಿಗೂ ಗುಡ್ಡದ ಸೀಳಿಗೂ ದಿಕ್ಕು ಹೊಂದುತ್ತದೆಯೇ ಅಂತ ಮಕ್ಕಳು ಸ್ಕೇಲ್ ಇಟ್ಟು ನೋಡಲಿ. ಒಂದು ಇಡೀ ಪಿರಿಯಡ್ ಇದಕ್ಕೇ ಕೊಟ್ಟರೂ ನಷ್ಟ ಇಲ್ಲ.

ಈ ಕಲ್ಲನ್ನು ಬಾದಾಮಿಯ ಮರಳುಗಲ್ಲಿನ ಪಕ್ಕದಲ್ಲಿಟ್ಟು ತೋರಿಸಿದರೆ ವ್ಯತ್ಯಾಸ ಗಟ್ಟಿಯಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಬಾದಾಮಿಯಲ್ಲಿ ಗುಡ್ಡದ ತಲೆ ಚಪ್ಪಟೆ, ಅಂಚು ಕಡಿದಾದದ್ದು, ಪದರದ ಗೆರೆಗಳು ಗುಡ್ಡದ ಅಂಚನ್ನೇ ಹಿಂಬಾಲಿಸಿ ಸುತ್ತುತ್ತವೆ. ಗ್ರಾನೈಟ್‌ನಲ್ಲಿ ಹಾಗೆ ಸುತ್ತುವ ಗೆರೆ ಇರುವುದಿಲ್ಲ.

ಬಳ್ಳಾರಿ ಸುತ್ತಮುತ್ತ ಇನ್ನೊಂದು ಗೆರೆ ಸಿಗುತ್ತದೆ, ಮಕ್ಕಳು ಅದನ್ನು ರಸ್ತೆ ಅಥವಾ ಹಾಳುಬಿದ್ದ ಕೋಟೆಗೋಡೆ ಅಂದುಕೊಳ್ಳುತ್ತಾರೆ. ಕಪ್ಪಗೆ, ಕಿರಿದಾಗಿ, ಗುಡ್ಡ ಬಯಲು ಯಾವುದನ್ನೂ ಲೆಕ್ಕಿಸದೆ ನೇರವಾಗಿ ಹೋಗುವ ಗೆರೆ. ಅದು ಡೈಕ್. ಗ್ರಾನೈಟ್ ಬಿರುಕಿನೊಳಗೆ ಕೆಳಗಿನಿಂದ ಕರಗಿದ ಕಲ್ಲು ನುಗ್ಗಿ ಅಲ್ಲೇ ಗಟ್ಟಿಯಾದದ್ದು. ಈ ಕಲ್ಲಿಗೆ ಡೋಲರೈಟ್ ಅಂತಾರೆ. ರಸ್ತೆ ಊರಿಂದ ಊರಿಗೆ ಹೋಗುತ್ತದೆ, ಗುಡ್ಡ ಬಂದರೆ ಬಳಸುತ್ತದೆ. ಡೈಕ್‌ಗೆ ಊರಿನ ಗೊಡವೆ ಇಲ್ಲ. ಅಲ್ಲಲ್ಲಿ ತುಂಡಾಗಿ, ಸ್ವಲ್ಪ ದೂರದಲ್ಲಿ ಅದೇ ದಿಕ್ಕಿಗೆ ಮತ್ತೆ ಶುರುವಾಗುತ್ತದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡದಲ್ಲಿ ಇಂಥದ್ದೇ ಒಂದು ಡೈಕ್ ಇದೆ. ಸಾವಿರಾರು ವರ್ಷ ಹಿಂದೆ ನವಶಿಲಾಯುಗದ ಜನ ಆ ಕಪ್ಪು ಕಲ್ಲನ್ನು ಆರಿಸಿ ಕೊಡಲಿ ಮಾಡುತ್ತಿದ್ದರು. ಅದರ ಬಂಡೆಗಳ ಮೇಲೆ ದನ, ಮನುಷ್ಯರ ಚಿತ್ರ ಕುಟ್ಟಿ ಬರೆದಿದ್ದಾರೆ. ಕೆಲವು ಬಂಡೆ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿ ಕೊಡುತ್ತವೆ. ಸುತ್ತ ಅಷ್ಟು ಗ್ರಾನೈಟ್ ಬಿದ್ದಿದ್ದರೂ ಆ ಜನ ಡೋಲರೈಟನ್ನೇ ಹುಡುಕಿಕೊಂಡು ಹೋದರು. ಅದು ಸಣ್ಣ ಕಣದ, ಗಟ್ಟಿ ಕಲ್ಲು, ಬೇಕಾದ ಹಾಗೆ ಚಕ್ಕೆ ಎಬ್ಬಿಸಲು ಬರುತ್ತದೆ. ಮೇಲಿನಿಂದ ಕಾಣುವ ಒಂದು ಕಪ್ಪು ಗೆರೆಯ ಹಿಂದೆ ಇಷ್ಟೆಲ್ಲ ಇದೆ ಅಂತ ಮಕ್ಕಳಿಗೆ ಹೇಳಿ.

ಈಗ ಕೆಂಪು ಬಣ್ಣದ ವಿಷಯ. ನೀವು ಇಸ್ರೋದ ಭುವನ್ ತಾಣದಿಂದ ಚಿತ್ರ ತೆಗೆದಿದ್ದರೆ ಅದು ಕಣ್ಣಿಗೆ ಕಾಣುವ ಬಣ್ಣದ ಚಿತ್ರವೇ ಆಗಿರಬೇಕಿಲ್ಲ. ಹಸಿರೆಲೆ ಇನ್‌ಫ್ರಾರೆಡ್ ಬೆಳಕನ್ನು ಬಹಳ ಜೋರಾಗಿ ವಾಪಸ್ ಕಳಿಸುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಉಪಗ್ರಹದ ಕ್ಯಾಮೆರಾಕ್ಕೆ ಕಾಣುತ್ತದೆ. ಅದನ್ನು ನಮಗೆ ತೋರಿಸುವುದಕ್ಕೆ ಕೆಂಪು ಬಣ್ಣ ಕೊಡುತ್ತಾರೆ. ಹಾಗಾಗಿ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳು ಕಡುಗೆಂಪಾಗಿ ಕಾಣುತ್ತವೆ. ಮಕ್ಕಳು ಲಾವಾ ಅಂದದ್ದು ಅವರ ಅಪ್ಪ ನಾಟಿ ಮಾಡಿದ ಗದ್ದೆಯೇ ಇರಬಹುದು. ತಿಳಿನೀರು ಈ ಬೆಳಕನ್ನು ನುಂಗುತ್ತದೆ, ಅದಕ್ಕೇ ಕಪ್ಪು. ಮಣ್ಣು ಕಲಸಿದ ನೀರು ನೀಲಿಯಾಗಿ ಕಾಣುತ್ತದೆ.

ಮಾಮೂಲಿ ಬಣ್ಣದ ಚಿತ್ರದಲ್ಲೂ ಬಣ್ಣವನ್ನು ಪೂರ್ತಿ ನಂಬಬೇಡಿ. ಎರೆ ಭೂಮಿ ಕಪ್ಪಗೆ, ಮಸಾರಿ ಕೆಂಪಗೆ ಕಾಣುವುದು ನಿಜ. ಆದರೆ ಪಾಠದಲ್ಲಿ ಎರೆ ಮಣ್ಣು ಬಸಾಲ್ಟ್‌ನಿಂದ ಆಗುತ್ತದೆ ಅಂತ ಓದಿ, ಕಪ್ಪು ಕಂಡಲ್ಲೆಲ್ಲ ಬಸಾಲ್ಟ್ ಅನ್ನುವವರಿದ್ದಾರೆ. ಬಳ್ಳಾರಿ, ರಾಯಚೂರಿನ ಎರೆಯ ದೊಡ್ಡ ಪಾಲು ನೈಸ್, ಗ್ರಾನೈಟ್ ಕಲ್ಲಿನ ಮೇಲೆಯೇ ಕೂತಿದೆ. ತಗ್ಗು ಬಯಲು, ನಿಧಾನ ಹರಿಯುವ ನೀರು, ಕಡಿಮೆ ಮಳೆ ಸೇರಿದರೂ ಎರೆ ಆಗುತ್ತದೆ. ಚಿತ್ರದಲ್ಲಿ ಎತ್ತರದ ಮಡ್ಡಿಯಲ್ಲಿ ಕೆಂಪು, ಹಳ್ಳದ ಕಡೆ ಇಳಿದಂತೆ ಕಪ್ಪು ಬರುವುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಮಣ್ಣಿನ ಬಣ್ಣಕ್ಕೆ ಮೇ ತಿಂಗಳ ಚಿತ್ರ ಒಳ್ಳೆಯದು, ಹೊಲ ಖಾಲಿ ಇರುತ್ತದೆ. ಗುಡ್ಡಕ್ಕೆ ಡಿಸೆಂಬರ್, ಜನವರಿ. ಜೂನ್‌ನಲ್ಲಿ ಸೂರ್ಯ ತೀರಾ ಮೇಲಿರುತ್ತಾನೆ, ನೆರಳು ಗಿಡ್ಡ, ಜೊತೆಗೆ ಮೋಡ.

ನೆರಳಿನಿಂದ ಎತ್ತರವನ್ನೂ ಅಂದಾಜು ಮಾಡಬಹುದು, ಗೊತ್ತಾ? ಡಿಸೆಂಬರ್ ಕೊನೆಯಲ್ಲಿ ಉಪಗ್ರಹ ಹಾದುಹೋಗುವ ಹೊತ್ತಿಗೆ ನಮ್ಮ ಕಡೆ ಸೂರ್ಯ ಸುಮಾರು 45 ಡಿಗ್ರಿ ಮೇಲಿರುತ್ತಾನೆ. ಆಗ ಸಮತಟ್ಟು ನೆಲದ ಮೇಲೆ ನಿಂತ ಕಡಿದಾದ ಬಂಡೆಯ ನೆರಳಿನ ಉದ್ದ ಹೆಚ್ಚುಕಡಿಮೆ ಅದರ ಎತ್ತರದಷ್ಟೇ. ಮಕ್ಕಳಿಗೆ ಗಣಿತದ ಮೇಷ್ಟ್ರು ಕಲಿಸಿದ ತ್ರಿಭುಜ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮನುಷ್ಯರ ಕೈಕೆಲಸ ಗುರುತಿಸುವುದೂ ಈ ಆಟದ ದೊಡ್ಡ ಭಾಗ. ಕೆರೆ ಮತ್ತು ನೈಸರ್ಗಿಕ ಹೊಂಡವನ್ನು ಬೇರೆ ಮಾಡುವುದು ಸುಲಭ. ಕೆರೆಗೆ ಒಂದು ಕಡೆ ನೀಟಾದ ಏರಿ, ಅದು ಯಾವಾಗಲೂ ಇಳಿಜಾರಿನ ಕೆಳಬದಿಗೆ. ಉಳಿದ ಅಂಚು ನೆಲ ಹೇಗಿದೆಯೋ ಹಾಗೆ ಅಂಕುಡೊಂಕು. ತುಂಗಭದ್ರಾ ಜಲಾಶಯವೂ ಹಾಗೇ, ಹೊಸಪೇಟೆ ಕಡೆ ನೇರ ಗೋಡೆ, ಮೇಲ್ಭಾಗದಲ್ಲಿ ಬೆರಳು ಚಾಚಿದಂಥ ಅಂಚು. ಕಾಲುವೆ ಮತ್ತು ಹಳ್ಳ ನೋಡಿ: ಹಳ್ಳ ತಗ್ಗು ಹುಡುಕಿ ಹೋಗುತ್ತದೆ, ಕಾಲುವೆ ಎತ್ತರ ಕಳೆದುಕೊಳ್ಳದೆ ಗುಡ್ಡದ ಬುಡ ಸುತ್ತುತ್ತದೆ. ಎಡದಂಡೆ ಕಾಲುವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಒಣ. ಹಸಿರಿನ ಬದಿಯೇ ತಗ್ಗು. ವಿಜಯನಗರದ ಕಾಲದ ತುರ್ತು ಕಾಲುವೆಯಲ್ಲೂ ಇದೇ ಲೆಕ್ಕ.

ಗಣಿ ಮಾತ್ರ ಸ್ವಲ್ಪ ಮೋಸ ಮಾಡುತ್ತದೆ. ಅದಿರು ತೆಗೆದ ಗುಂಡಿಯಲ್ಲಿ ಮೆಟ್ಟಿಲು ಮೆಟ್ಟಿಲು, ಸುತ್ತುತ್ತಾ ಒಳಗಿಳಿಯುವ ಲಾರಿ ದಾರಿ ಇರುತ್ತದೆ. ಅದರೊಳಗೆ ಬಿದ್ದ ನೀರಿಗೆ ಹೊರಗೆ ಹೋಗುವ ಹಳ್ಳ ಇರುವುದಿಲ್ಲ. ಗುಡ್ಡದ ಪಕ್ಕಕ್ಕೆ ಸುರಿದ ಮಣ್ಣು ಬೀಸಣಿಗೆಯಾಕಾರದಲ್ಲಿ ಹರಡಿ, ಹಳ್ಳ ತಂದು ಹಾಕಿದ ಮೆಕ್ಕಲಿನ ಹಾಗೆ ಕಾಣುತ್ತದೆ. ಮೆಕ್ಕಲಾದರೆ ಅದರ ತುದಿಗೆ ಒಂದು ಕಣಿವೆ ಬಂದು ಸೇರಲೇಬೇಕು. ಸುರಿದದ್ದಾದರೆ ತುದಿಗೆ ಲಾರಿ ದಾರಿ ಬಂದು ನಿಂತಿರುತ್ತದೆ. ಹಟ್ಟಿಯಲ್ಲಿ ಅದಿರು ಅರೆದು ಉಳಿದ ಪುಡಿಯ ರಾಶಿ ಬಿಳಿಚಿಕೊಂಡು, ಅಂಚು ನೇರವಾಗಿ, ಮೇಲೆ ಸಪಾಟಾಗಿ ಕಾಣುತ್ತದೆ. ದೂರದಿಂದ ಒಣಗಿದ ಉಪ್ಪಿನ ಕೆರೆ ಅನ್ನಿಸಬಹುದು. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ತಿರುವಿಹಾಕುವ ಸೌಲಭ್ಯವಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತಲ್ಲ, ಅದಕ್ಕೆ ಮೊದಲಿನ ಚಿತ್ರ, ನಂತರದ ಚಿತ್ರ ಎರಡನ್ನೂ ತೋರಿಸಿ. ಗುಡ್ಡದ ತಲೆ ಎಷ್ಟು ಬದಲಾಗಿದೆ ಅಂತ ಮಕ್ಕಳು ನೋಡಲಿ. ಇದು ಅವರ ನೆಲ, ನೋಡುವ ಹಕ್ಕು ಅವರಿಗಿದೆ.

ಎರಡು ವರ್ಷದ ಚಿತ್ರ ಹೋಲಿಸುವುದು ನದಿಯಲ್ಲೂ ಉಪಯೋಗ. ಜಲದುರ್ಗದ ಹತ್ತಿರ, ಕುರುವಪುರದ ಹತ್ತಿರ ಕೃಷ್ಣೆ ಕವಲೊಡೆದು ನಡುಗಡ್ಡೆಗಳನ್ನು ಬಿಟ್ಟಿದೆ. ಬಂಡೆಯ ಗಡ್ಡೆಯಾದರೆ ಎಷ್ಟು ಪ್ರವಾಹ ಬಂದರೂ ಅದೇ ಜಾಗ, ಅದೇ ಆಕಾರ. ಮರಳಿನದಾದರೆ ಪ್ರತಿ ಮಳೆಗಾಲಕ್ಕೂ ಸರಿಯುತ್ತದೆ, ಕೆಲವೊಮ್ಮೆ ಕಾಣೆಯಾಗುತ್ತದೆ.

ಆಟದ ಅಂಕದ ಬಗ್ಗೆ ಒಂದು ಮಾತು. ಹೆಸರಿಗೆ ಒಂದು ಅಂಕ ಕೊಡಿ, ಕಾರಣಕ್ಕೆ ಮೂರು ಕೊಡಿ. ‘ಇದು ಜ್ವಾಲಾಮುಖಿ, ಯಾಕೆಂದರೆ ಹಳ್ಳಗಳು ನಡುವಿನಿಂದ ಹೊರಗೆ ಹೋಗಿವೆ’ ಅಂದ ಮಗುವಿನ ಉತ್ತರ ತಪ್ಪಾಗಿದ್ದರೂ ಅದು ಒಳ್ಳೆಯ ಊಹೆ. ಬರೀ ಹೆಸರು ಸರಿ ಹೇಳಿದ ಮಗುವಿಗಿಂತ ಆ ಮಗು ಮುಂದಿದೆ. ಉತ್ತರ ಪರೀಕ್ಷಿಸಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ಯಾವ ಜಾಗದಲ್ಲಿ ಯಾವ ಕಲ್ಲು ಅನ್ನುವ ನಕ್ಷೆ ಇದೆ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಲ್ಲಿ ಎತ್ತರದ ಗೆರೆಗಳಿವೆ. ನಿಮ್ಮ ಮಕ್ಕಳಿಗೆ ಇವೆಲ್ಲಕ್ಕಿಂತ ದೊಡ್ಡ ಅನುಕೂಲ ಅಂಜನಾದ್ರಿ. ಮೆಟ್ಟಿಲು ಹತ್ತಿ ನಿಂತರೆ ನದಿ, ಗದ್ದೆ, ಗುಂಡುಗಳ ಗುಡ್ಡ ಎಲ್ಲ ಕಣ್ಣೆದುರು. ಚಿತ್ರ ಕೈಯಲ್ಲಿ ಹಿಡಿದು ಹೋಗಲಿ.

ಇನ್ನು ಕಪ್ಪು-ಬಿಳುಪು ಪ್ರಿಂಟ್. ಖಂಡಿತ ನಡೆಯುತ್ತದೆ. ನನಗೆ ಕೇಳಿದರೆ ಶುರುವಿಗೆ ಅದೇ ಒಳ್ಳೆಯದು, ಬಣ್ಣದ ಮೋಸ ಇರುವುದಿಲ್ಲ. ಜನವರಿಯ ಚಿತ್ರ ಆರಿಸಿ. ಒಂದು ಎ4 ಹಾಳೆಯಲ್ಲಿ ಹತ್ತು ಕಿಲೋಮೀಟರ್ ಅಗಲದಷ್ಟು ನೆಲ ಬರಲಿ. ನೆರಳು ಕೆಳಗೆ ಬೀಳುವಂತೆ ದಕ್ಷಿಣ ಮೇಲಿಟ್ಟು ಪ್ರಿಂಟ್ ಹಾಕಿಸಿ, ಉತ್ತರದ ಬಾಣ ಮತ್ತು ಅಳತೆ ಗೆರೆಯನ್ನು ಪೆನ್ನಿನಲ್ಲಿ ಬರೆಯಿರಿ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಹಳ್ಳಗಳನ್ನು ಮಾತ್ರ ನೀಲಿ ಪೆನ್ನಿನಲ್ಲಿ ಬರೆಯಲು ಹೇಳಿ, ಎಷ್ಟು ಸಣ್ಣದಿದ್ದರೂ ಬಿಡಬಾರದು. ಬರೆದಾದ ಮೇಲೆ ಕೆಳಗಿನ ಚಿತ್ರ ತೆಗೆದುಬಿಡಿ. ಮರದ ಕೊಂಬೆಗಳಂತೆ ಎಲ್ಲ ಕಡೆ ಹರಡಿದ್ದರೆ ಅಡಿಯಲ್ಲಿರುವುದು ಒಂದೇ ಬಗೆಯ ಕಲ್ಲು, ನಮ್ಮ ಬಯಲಿನ ನೈಸ್ ಹೀಗೆ. ನೇರ ಗೆರೆ, ಚೌಕ ತಿರುವು ಇದ್ದರೆ ಸೀಳು ಬಿಟ್ಟ ಗ್ರಾನೈಟ್. ಉದ್ದನೆಯ ಸಮಾನಾಂತರ ಹಳ್ಳಗಳು, ಅವಕ್ಕೆ ಅಡ್ಡ ಬಂದು ಸೇರುವ ಗಿಡ್ಡ ಹಳ್ಳಗಳು ಇದ್ದರೆ ಸಂಡೂರಿನಂಥ ಮಡಚಿದ ಪದರ. ಒಂದು ತಂಡ ಬರೆದ ನೀಲಿ ಗೆರೆಗಳನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಚಿತ್ರ ತೋರಿಸದೆ ಊಹೆ ಮಾಡಲು ಹೇಳಿ. ಮೊದಲ ಶನಿವಾರಕ್ಕೆ ಹಂಪಿ ಮತ್ತು ಸಂಡೂರು ಎರಡೇ ಹಾಳೆ ಸಾಕು.